ಎಕರೆಯ ಲೆಕ್ಕ, ಕೈಯ ಲೆಕ್ಕ

2024ರಲ್ಲಿ ಎಚ್‌ಎಂಟಿ ಮತ್ತೆ ಸುದ್ದಿಗೆ ಬಂತು. ಬೆಂಗಳೂರಿನ ಪೀಣ್ಯ-ಜಾಲಹಳ್ಳಿ ಕಡೆಯ ಜಮೀನು ಅರಣ್ಯ ಇಲಾಖೆಯದ್ದೋ, ಕಾರ್ಖಾನೆಯದ್ದೋ ಅನ್ನೋ ಜಗಳ. ಒಂದು ಕಡೆ ರಾಜ್ಯದ ಅರಣ್ಯ ಸಚಿವ ಈಶ್ವರ ಖಂಡ್ರೆ, ಇನ್ನೊಂದು ಕಡೆ ಕೇಂದ್ರದ ಬೃಹತ್ ಕೈಗಾರಿಕಾ ಸಚಿವ ಎಚ್.ಡಿ. ಕುಮಾರಸ್ವಾಮಿ. ಪ್ರೈಮ್ ಟೈಮಿಗೆ ಇನ್ನೇನು ಬೇಕು ಹೇಳಿ? ನಾನೂ ಒಂದು ಗಂಟೆ ಚರ್ಚೆ ನಡೆಸಿದೆ. ಕೂಗಾಟ ಚೆನ್ನಾಗಿಯೇ ಆಯ್ತು.

ರಾತ್ರಿ ಮನೆಗೆ ಹೋಗುವಾಗ ಕಾರಿನಲ್ಲಿ ಒಂದು ವಿಷಯ ಚುಚ್ಚಿತು. ಆ ಒಂದು ಗಂಟೆಯಲ್ಲಿ ‘ಎಕರೆ’ ಅನ್ನೋ ಪದ ಎಷ್ಟು ಸಲ ಬಂತೋ ಲೆಕ್ಕವಿಲ್ಲ. ‘ಕೋಟಿ’ ಕೂಡ ಅಷ್ಟೇ. ಆದರೆ ‘ಲೇತ್’ ಅನ್ನೋ ಪದ ಒಂದೇ ಒಂದು ಸಲವೂ ಬರಲಿಲ್ಲ. ಆ ಜಾಗದಲ್ಲಿ ಏನು ತಯಾರಾಗ್ತಿತ್ತು, ಯಾರು ತಯಾರಿಸ್ತಿದ್ದರು, ಅವರಿಗೆ ಕಲಿಸಿದವರು ಯಾರು ಅಂತ ಪ್ಯಾನೆಲ್‌ನಲ್ಲಿದ್ದ ಯಾರೂ ಎತ್ತಲಿಲ್ಲ. ಅವರನ್ನು ಬಿಡಿ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಓದಿ ಈ ಕುರ್ಚಿಗೆ ಬಂದ ನಾನೇ ಕೇಳಲಿಲ್ಲ.

ಹಾಗಾಗಿ ಇವತ್ತು ಕೇಳೋಣ. ಜಮೀನಿನ ಲೆಕ್ಕ ಕೋರ್ಟು ನೋಡಿಕೊಳ್ಳಲಿ. ನಾನು ಹೇಳಹೊರಟಿರುವುದು ಯಂತ್ರಕ್ಕೆ ಹಾಕಿದ ದುಡ್ಡು ಮತ್ತು ಕೈಗೆ ಕಲಿಸಿದ ಕೆಲಸ, ಇವೆರಡರ ಲೆಕ್ಕ.

ಮೊದಲು ನನ್ನದೊಂದು ತಪ್ಪೊಪ್ಪಿಗೆ. ನಮ್ಮ ಕಾಲೇಜಿನ ವರ್ಕ್‌ಶಾಪಿನಲ್ಲಿ ಹಸಿರು ಬಣ್ಣದ ಹಳೇ ಲೇತ್‌ಗಳ ಸಾಲಿತ್ತು. ಮೈಮೇಲೆ ಎಚ್‌ಎಂಟಿ ಅನ್ನೋ ಅಕ್ಷರ. ಪಕ್ಕದಲ್ಲಿ ಫಿಟ್ಟಿಂಗ್ ವಿಭಾಗ. ಅಲ್ಲಿ ನಮಗೆ ಕೊಟ್ಟ ಕೆಲಸ ಇಷ್ಟೇ: ಕಬ್ಬಿಣದ ಒಂದು ಚಪ್ಪಟೆ ತುಂಡನ್ನು ವೈಸ್‌ನಲ್ಲಿ ಹಿಡಿದು, ಅರ ಹಾಕಿ ಉಜ್ಜಿ, ನಾಲ್ಕು ಮೂಲೆಯನ್ನೂ 90 ಡಿಗ್ರಿಗೆ ತರಬೇಕು. ಕೇಳೋಕೆ ಸುಲಭ. ಎರಡು ದಿನ ಉಜ್ಜಿದೆ. ಅಂಗೈಯಲ್ಲಿ ಬೊಬ್ಬೆ ಬಂತು, ಮೂಲೆ ಮಾತ್ರ ನೇರ ಬರಲಿಲ್ಲ. ಕೊನೆಗೆ ಗೆಳೆಯರೆಲ್ಲ ಮಾಡಿದ್ದನ್ನೇ ನಾನೂ ಮಾಡಿದೆ. ಕಾಲೇಜಿನ ಹೊರಗಿದ್ದ ವರ್ಕ್‌ಶಾಪಿನಲ್ಲಿ ದುಡ್ಡು ಕೊಟ್ಟು ‘ಜಾಬ್’ ಮಾಡಿಸಿ ತಂದು ಒಪ್ಪಿಸಿದೆ.

ನಮ್ಮ ಇನ್‌ಸ್ಟ್ರಕ್ಟರ್ ವಯಸ್ಸಾದವರು. ಹದಿನೇಳನೇ ವಯಸ್ಸಿಗೆ ಕಾರ್ಖಾನೆಯೊಂದಕ್ಕೆ ಅಪ್ರೆಂಟಿಸ್ ಆಗಿ ಸೇರಿ ಮೇಲೆ ಬಂದವರು. ನನ್ನ ತುಂಡಿಗೆ ಟ್ರೈ ಸ್ಕ್ವೇರ್ ಇಟ್ಟು ಕಿಟಕಿಯ ಬೆಳಕಿಗೆ ಹಿಡಿದರು. ಸಂದಿನಿಂದ ಒಂದೆಳೆ ಬೆಳಕೂ ಬರಲಿಲ್ಲ. ನನ್ನ ಕೈ ನೋಡಿದರು. ‘ಚೆನ್ನಾಗಿದೆ, ನಿನ್ನದಲ್ಲ’ ಅಂದರು. ಮಾರ್ಕ್ಸ್ ಕೊಟ್ಟರು. ನಾನು ಡಿಸ್ಟಿಂಕ್ಷನ್‌ನಲ್ಲಿ ಪಾಸಾದೆ.

ಆ ಎರಡು ಮಾತು ಇವತ್ತಿಗೂ ಮರೆತಿಲ್ಲ. ದೇಶದ ಕಥೆಯೂ ಸುಮಾರಾಗಿ ಅಲ್ಲೇ ಇದೆ ಅನ್ನಿಸುತ್ತೆ ನನಗೆ.

ಈಗ ಇತಿಹಾಸಕ್ಕೆ ಬರ್ತೀನಿ. ಲೇತನ್ನು ಎಂಜಿನಿಯರುಗಳು ತಾಯಿ ಯಂತ್ರ ಅಂತಾರೆ. ಯಾಕೆಂದರೆ ಬೇರೆ ಯಂತ್ರಗಳು ಇದರಿಂದ ಹುಟ್ಟುತ್ತವೆ. ಬೋಲ್ಟು, ಶಾಫ್ಟು, ಪಂಪಿನ ಭಾಗ, ಗೇರಿನ ಗಾಲಿ, ಗುಂಡಗಿರುವ ಯಾವುದೇ ಲೋಹದ ವಸ್ತು ತಗೊಳ್ಳಿ, ಅದರ ಹಿಂದೆ ಎಲ್ಲೋ ಒಂದು ಲೇತ್ ಇದೆ. ಇನ್ನೊಂದು ಲೇತ್ ಮಾಡೋದಕ್ಕೂ ಲೇತೇ ಬೇಕು. ಇದನ್ನು ಸ್ವಂತವಾಗಿ ಮಾಡಿಕೊಳ್ಳಲಾಗದ ದೇಶ ಉಳಿದ ಕೈಗಾರಿಕೆಗೆಲ್ಲ ಬೇರೆಯವರ ಬಾಗಿಲು ಕಾಯಬೇಕು.

ಇಂಗ್ಲೆಂಡಿನಲ್ಲಿ ಈ ತಾಯಿ ಯಂತ್ರಕ್ಕೆ ಹೊಸ ರೂಪ ಕೊಟ್ಟವರಲ್ಲಿ ಮುಖ್ಯನಾದವನು ಹೆನ್ರಿ ಮಾಡ್‌ಸ್ಲೇ. ಬೀಗ ತಯಾರಿಸುತ್ತಿದ್ದ ಜೋಸೆಫ್ ಬ್ರಾಮಾ ಬಳಿ ಕೆಲಸಕ್ಕಿದ್ದ. ಸಂಬಳ ಜಾಸ್ತಿ ಮಾಡಿ ಅಂದ, ಆತ ಒಪ್ಪಲಿಲ್ಲ. 1797ರಲ್ಲಿ ಹೊರಗೆ ಬಂದು ಲಂಡನ್ನಿನಲ್ಲಿ ತನ್ನದೇ ವರ್ಕ್‌ಶಾಪ್ ತೆರೆದ. ನಿಖರವಾಗಿ ಸ್ಕ್ರೂ ಕೊರೆಯುವ ಲೇತ್ ಮಾಡಿದ. ಇಂಚಿನ ಹತ್ತು ಸಾವಿರದಲ್ಲೊಂದು ಭಾಗ ಅಳೆಯಬಲ್ಲ ಮೈಕ್ರೋಮೀಟರ್ ಮಾಡಿಟ್ಟ. ಅದಕ್ಕೆ ‘ಲಾರ್ಡ್ ಚಾನ್ಸಲರ್’ ಅಂತ ಹೆಸರು. ವರ್ಕ್‌ಶಾಪಿನಲ್ಲಿ ಅಳತೆಯ ಜಗಳ ಬಂದರೆ ಅದರ ತೀರ್ಪೇ ಕೊನೆ.

ಆದರೆ ಆತ ಬಿಟ್ಟುಹೋದ ದೊಡ್ಡ ಆಸ್ತಿ ಆ ಯಂತ್ರಗಳಷ್ಟೇ ಆಗಿರಲಿಲ್ಲ. ರಿಚರ್ಡ್ ರಾಬರ್ಟ್ಸ್, ಜೋಸೆಫ್ ಕ್ಲೆಮೆಂಟ್, ಜೇಮ್ಸ್ ನ್ಯಾಸ್ಮಿತ್, ಜೋಸೆಫ್ ವಿಟ್‌ವರ್ತ್, ಇವರೆಲ್ಲ ಅವನ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿ ಕಲಿತು ಹೊರಬಿದ್ದವರು. 19ನೇ ಶತಮಾನದ ಬ್ರಿಟನ್ನಿನ ಯಂತ್ರೋದ್ಯಮದ ದೊಡ್ಡ ಹೆಸರುಗಳು ಇವು. ಸ್ಕ್ರೂವಿನ ಎಳೆಗೆ ದೇಶಕ್ಕೆಲ್ಲ ಒಂದೇ ಅಳತೆ ಇರಲಿ ಅಂತ 1841ರಲ್ಲಿ ಪ್ರಸ್ತಾಪ ಇಟ್ಟವನು ವಿಟ್‌ವರ್ತ್. ಮಾಡ್‌ಸ್ಲೇಯ ಕಂಪನಿ ಅದೇ ಶತಮಾನದ ಕೊನೆಗೆ ಬಾಗಿಲು ಹಾಕಿತು. ಅಲ್ಲಿ ಕಲಿತ ಕೆಲಸ ಬಾಗಿಲು ಹಾಕಲಿಲ್ಲ. ಈ ಮಾತು ನೆನಪಿಟ್ಟುಕೊಳ್ಳಿ, ಆಮೇಲೆ ಬೇಕಾಗುತ್ತೆ.

ಇನ್ನು ನಮ್ಮೂರು. ಬೆಂಗಳೂರಿಗೆ ಕಾರ್ಖಾನೆ ಅನ್ನೋದು ಸ್ವಾತಂತ್ರ್ಯ ಬಂದಮೇಲೆ ಏಕಾಏಕಿ ಬಂದ ಅದೃಷ್ಟ ಅಲ್ಲ. 1902ರಲ್ಲಿ ಶಿವನಸಮುದ್ರದಲ್ಲಿ ಜಲವಿದ್ಯುತ್ ಶುರುವಾಯ್ತು. 1905ರಲ್ಲಿ ಆ ಕರೆಂಟು ಬೆಂಗಳೂರಿನ ಬೀದಿಗೆ ಬಂತು. 1917ರಲ್ಲಿ ವಿಶ್ವೇಶ್ವರಯ್ಯನವರ ಕಾಲದಲ್ಲೇ ಎಂಜಿನಿಯರಿಂಗ್ ಕಾಲೇಜು ಬಂತು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಕೂಡಿ ವಿಮಾನ ಕಾರ್ಖಾನೆ ಕಟ್ಟಿದರು. ಎರಡನೇ ಮಹಾಯುದ್ಧದಲ್ಲಿ ಅಲ್ಲಿ ಅಮೆರಿಕದ ಯುದ್ಧವಿಮಾನಗಳ ರಿಪೇರಿ ನಡೆಯಿತು. ಅಳತೆ ತಪ್ಪಿದರೆ ಜೀವ ಹೋಗುವಂಥ ಕೆಲಸವನ್ನು ನಮ್ಮ ಹುಡುಗರು ಸಾವಿರಗಟ್ಟಲೆ ಸಂಖ್ಯೆಯಲ್ಲಿ ಕಲಿತಿದ್ದು ಆಗ. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ್ ಲೇತ್ ಮಾಡೋಕೆ ಶುರುಮಾಡಿತು. 1943ರಲ್ಲಿ ಬೆಂಗಳೂರಿನಲ್ಲಿ ಶ್ರೀ ಜಯಚಾಮರಾಜೇಂದ್ರ ಔದ್ಯೋಗಿಕ ಸಂಸ್ಥೆ ತೆರೆಯಿತು. ಇವತ್ತಿನ ಎಸ್‌ಜೆ ಪಾಲಿಟೆಕ್ನಿಕ್. ಅದರ ಹಿಂದೆಯೂ ವಿಶ್ವೇಶ್ವರಯ್ಯನವರೇ ಇದ್ದರು. ಕರೆಂಟು, ಯಂತ್ರ, ಶಾಲೆ, ಮೂರೂ ಜೊತೆಜೊತೆಗೆ ಬಂದವು. ಒಂದನ್ನು ಬಿಟ್ಟು ಇನ್ನೊಂದು ನಡೆಯೋದಿಲ್ಲ ಅಂತ ಆ ಹಿರಿಯರಿಗೆ ಗೊತ್ತಿತ್ತು.

1949ರಲ್ಲಿ ಭಾರತ ಸರ್ಕಾರ ಸ್ವಿಟ್ಜರ್ಲೆಂಡಿನ ಓರ್ಲಿಕಾನ್ ಕಂಪನಿ ಜೊತೆ ಒಪ್ಪಂದ ಮಾಡಿಕೊಂಡಿತು. ಯುದ್ಧಕಾಲದಲ್ಲಿ ಫಿರಂಗಿಗೆ ಹೆಸರಾದ ಕಂಪನಿ ಅದು, ಲೇತನ್ನೂ ಮಾಡುತ್ತಿತ್ತು. 1953ರಲ್ಲಿ ಹಿಂದೂಸ್ತಾನ್ ಮಷೀನ್ ಟೂಲ್ಸ್ ಕಂಪನಿ ನೋಂದಣಿಯಾಯ್ತು. ಜಾಗ ಜಾಲಹಳ್ಳಿ. ಮೊದಲ ಉತ್ಪನ್ನ ಓರ್ಲಿಕಾನ್ ವಿನ್ಯಾಸದ ಲೇತ್.

ಇಲ್ಲಿ ಒಂದು ನಿಮಿಷ ನಿಲ್ಲೋಣ. ಸ್ವಿಟ್ಜರ್ಲೆಂಡಿನಿಂದ ಡ್ರಾಯಿಂಗ್ ಹಡಗಿನಲ್ಲಿ ತರಿಸಬಹುದು. ಯಂತ್ರವನ್ನೂ ತರಿಸಬಹುದು. ತರಿಸಲಾಗದ್ದು ಏನು ಅಂತ ತಿಳಿಯಬೇಕಾದರೆ ಲೇತ್ ಹೇಗೆ ತಯಾರಾಗುತ್ತೆ ಅಂತ ನೋಡಬೇಕು.

ಲೇತ್‌ನ ಬುಡದಲ್ಲಿ ಉದ್ದನೆಯ ಭಾರೀ ಎರಕದ ಭಾಗ ಇರುತ್ತೆ, ಅದಕ್ಕೆ ಬೆಡ್ ಅಂತಾರೆ. ಕಬ್ಬಿಣ ಕರಗಿಸಿ ಅಚ್ಚಿಗೆ ಹೊಯ್ದು ತೆಗೆದ ತಕ್ಷಣ ಅದನ್ನು ಬಳಸುವ ಹಾಗಿಲ್ಲ. ಒಂದು ಕಡೆ ಬೇಗ ಆರಿ, ಇನ್ನೊಂದು ಕಡೆ ನಿಧಾನ ಆರಿ, ಒಳಗೆ ಎಳೆದಾಟ ಉಳಿದಿರುತ್ತೆ. ಹಾಗೇ ಕೊರೆದು ಜೋಡಿಸಿದರೆ ಆರು ತಿಂಗಳಿಗೆ ಬೆಡ್ ಸೊಟ್ಟಗಾಗುತ್ತೆ. ಅದಕ್ಕೇ ಹಳೇ ಕಾಲದ ಪದ್ಧತಿ ಏನೆಂದರೆ, ಎರಕವನ್ನು ಬಯಲಿನಲ್ಲಿ ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಡೋದು. ಒಳಗಿನ ಎಳೆದಾಟ ತಾನಾಗಿ ಸಡಿಲಾಗುತ್ತೆ. ಈಗ ಕುಲುಮೆಯಲ್ಲಿಟ್ಟು ಬೇಗ ಮಾಡ್ತಾರೆ. ಆದರೂ ಕಾಯಲೇಬೇಕು.

ಆಮೇಲೆ ಜಾರುಪಟ್ಟಿಗಳ ಸ್ಕ್ರೇಪಿಂಗ್. ಯಂತ್ರ ಎಷ್ಟೇ ನುಣ್ಣಗೆ ಕೊರೆದರೂ ಮೇಲ್ಮೈ ಪೂರ್ತಿ ಸಮತಟ್ಟಾಗಿರೋದಿಲ್ಲ. ಅಲ್ಲಿ ಮನುಷ್ಯ ಬರ್ತಾನೆ. ಸಮತಟ್ಟಾದ ಮಾದರಿ ಪ್ಲೇಟಿಗೆ ನೀಲಿ ಬಣ್ಣ ತೆಳ್ಳಗೆ ಸವರಿ, ಎರಡನ್ನೂ ಉಜ್ಜುತ್ತಾನೆ. ಎಲ್ಲಿ ಉಬ್ಬಿದೆಯೋ ಅಲ್ಲಿ ನೀಲಿ ಹತ್ತುತ್ತೆ. ಆ ಚುಕ್ಕೆಯನ್ನು ಕೈಯುಳಿಯಿಂದ ಹೆರೆಯುತ್ತಾನೆ. ಮತ್ತೆ ನೀಲಿ, ಮತ್ತೆ ಹೆರೆತ. ಒಂದು ಸಲಕ್ಕೆ ಹೋಗುವ ಲೋಹ ಮಿಲಿಮೀಟರಿನ ನೂರರಲ್ಲೊಂದು ಭಾಗಕ್ಕಿಂತ ಕಡಿಮೆ. ಪ್ರತಿ ಚದರ ಇಂಚಿಗೆ ಇಷ್ಟು ಚುಕ್ಕೆ ಸಮನಾಗಿ ಹರಡಬೇಕು ಅಂತ ಲೆಕ್ಕ. ಮಾಡ್‌ಸ್ಲೇಯ ವರ್ಕ್‌ಶಾಪಿನಲ್ಲಿ ಬೆಳೆದು, ವಿಟ್‌ವರ್ತ್ ಊರಿಗೆಲ್ಲ ಹೇಳಿಕೊಟ್ಟ ವಿದ್ಯೆ ಇದು. ಕೊನೆಗೆ ಪರೀಕ್ಷೆ. ಬರ್ಲಿನ್ನಿನ ಪ್ರೊಫೆಸರ್ ಗಿಯೋರ್ಗ್ ಶ್ಲೆಸಿಂಗರ್ 1927ರಲ್ಲಿ ಕ್ರೋಡೀಕರಿಸಿದ ಪರೀಕ್ಷಾ ಪಟ್ಟಿಯನ್ನು ಜಗತ್ತಿನ ಯಂತ್ರೋದ್ಯಮವೆಲ್ಲ ಒಪ್ಪಿಕೊಂಡಿತ್ತು. ಸ್ಪಿಂಡಲ್ ತಿರುಗುವಾಗ 0.01 ಮಿಲಿಮೀಟರ್ ಅತ್ತಿತ್ತ ಹೋದರೂ ಡಯಲ್ ಗೇಜಿನ ಮುಳ್ಳು ಹೇಳಿಬಿಡುತ್ತೆ. ಅಲ್ಲಿ ಜಾತಿ, ಶಿಫಾರಸು, ಭಾಷಣ ಯಾವುದೂ ನಡೆಯಲ್ಲ.

ಈ ಹೆರೆಯುವ ಕೈಯನ್ನು ಯಾವ ಹಡಗಿನಲ್ಲಿ ತರಿಸ್ತೀರಿ? ಅದು ಪುಸ್ತಕದಲ್ಲಿಲ್ಲ. ಗೊತ್ತಿರುವವನ ಪಕ್ಕದಲ್ಲಿ ನಿಂತು, ಅವನು ಎಲ್ಲಿ ಒತ್ತುತ್ತಾನೆ, ಎಲ್ಲಿ ಬಿಡುತ್ತಾನೆ ಅಂತ ನೋಡಿ, ಕೆಡಿಸಿ, ಬೈಸಿಕೊಂಡು, ಮತ್ತೆ ಮಾಡಿ ಕಲಿಯಬೇಕು. ಇದಕ್ಕೇ ಅಪ್ರೆಂಟಿಸ್‌ಶಿಪ್ ಅನ್ನೋದು. ಸರ್ಕಾರಿ ಕನ್ನಡದಲ್ಲಿ ‘ಶಿಶಿಕ್ಷು’ ಅಂತ ಬರೀತಾರೆ. ಹುಡುಗನೊಬ್ಬ ಮೊದಲು ತಿಂಗಳುಗಟ್ಟಲೆ ಅರ ಹಾಕ್ತಾನೆ. ಆಮೇಲೆ ಗುರುತು ಹಾಕೋದು, ಗರಗಸ, ಡ್ರಿಲ್ಲು, ವರ್ನಿಯರ್, ಮೈಕ್ರೋಮೀಟರ್. ಅದಾದ ಮೇಲಷ್ಟೇ ಲೇತ್ ಮುಟ್ಟೋದು. ಆ ಅವಧಿಯಲ್ಲಿ ಅವನು ಮಾಡಿದ ತುಂಡುಗಳಲ್ಲಿ ಬಹುಪಾಲು ಗುಜರಿಗೆ. ಕಂಪನಿಗೆ ಅದರಿಂದ ಒಂದು ಪೈಸೆ ಹುಟ್ಟಲ್ಲ. ಮೇಲೆ ಸ್ಟೈಪೆಂಡು, ಕಲಿಸುವವರ ಸಂಬಳ, ಹಾಳಾದ ಉಕ್ಕಿನ ಖರ್ಚು. ಎರಕದ ಬೆಡ್ ಬಯಲಲ್ಲಿ ಕೂತ ಹಾಗೆಯೇ ಇದು. ಸುಮ್ಮನೆ ಕೂತಿದೆ ಅಂತ ಅಕೌಂಟೆಂಟಿಗೆ ಕಾಣುತ್ತೆ, ಫೋರ್‌ಮನ್ನಿಗೆ ಹದವಾಗ್ತಿದೆ ಅಂತ ಗೊತ್ತು.

ಆರಂಭದ ಎಚ್‌ಎಂಟಿ ಎರಡೂ ಕೆಲಸ ಮಾಡಿತು. ಎಂ.ಕೆ. ಮಥುಲ್ಲಾ, ಅವರ ನಂತರ ಎಸ್.ಎಂ. ಪಾಟೀಲ್ ಅವರಂಥ ಎಂಜಿನಿಯರಿಂಗ್ ಬಲ್ಲ ಮುಖ್ಯಸ್ಥರು ಅದನ್ನು ನಡೆಸಿದರು. ಲಾಭ ಬಂತು. ಬಂದ ಲಾಭದಿಂದಲೇ 1961ರ ಹೊತ್ತಿಗೆ ಬೆಂಗಳೂರಿನಲ್ಲಿ ಎರಡನೇ ಕಾರ್ಖಾನೆ ಎದ್ದಿತು. ಸರ್ಕಾರದ ಬೊಕ್ಕಸಕ್ಕೆ ಕೈ ಹಾಕದೆ, ಇದು ದೇಶಕ್ಕೆ ನಮ್ಮ ಕೊಡುಗೆ ಅಂತ ಅದನ್ನು ಅರ್ಪಿಸಿದರು. ಸರ್ಕಾರಿ ಕಂಪನಿ ಅಂದರೆ ನಷ್ಟ ಅಂತಲೇ ಕೇಳಿ ಬೆಳೆದ ನನ್ನ ತಲೆಮಾರಿಗೆ ಇದನ್ನು ನಂಬೋದೇ ಕಷ್ಟ. 1960ರ ದಶಕದಲ್ಲೇ ಪಿಂಜೋರ್, ಕಳಮಶ್ಶೇರಿ, ಹೈದರಾಬಾದ್ ಹೀಗೆ ಒಂದೊಂದೇ ಘಟಕ ಬಂದವು. ತಾಯಿ ಯಂತ್ರ ಮಾಡುವ ಕಂಪನಿಗೆ ಹೊಸ ಕಾರ್ಖಾನೆಗೆ ಬೇಕಾದ ಯಂತ್ರಗಳಲ್ಲಿ ಎಷ್ಟೋ ಮನೆಯಲ್ಲೇ ಇದ್ದವು. ಕೈಗಳೂ ಮನೆಯಲ್ಲೇ ತಯಾರಾಗುತ್ತಿದ್ದವು. ಒಂದು ದೀಪದಿಂದ ಇನ್ನೊಂದು ಹಚ್ಚಿದ ಹಾಗೆ.

ಅದೇ 1961ರಲ್ಲಿ ಜಪಾನಿನ ಸಿಟಿಜನ್ ಕಂಪನಿ ಸಹಯೋಗದಲ್ಲಿ ಬೆಂಗಳೂರಿನಲ್ಲಿ ಗಡಿಯಾರ ಕಾರ್ಖಾನೆಯೂ ಶುರುವಾಯ್ತು. ಮೊದಲ ಕಂತಿನ ವಾಚುಗಳನ್ನು ನೆಹರೂ ಬಿಡುಗಡೆ ಮಾಡಿದರು. ಜನತಾ, ಪೈಲಟ್, ಕಾಂಚನ್. ನಮ್ಮ ಅಜ್ಜಂದಿರ ಮಣಿಕಟ್ಟಿನ ಹೆಸರುಗಳಿವು. ಮದುವೆಯಲ್ಲಿ ಅಳಿಯನಿಗೆ ಎಚ್‌ಎಂಟಿ ವಾಚು ಕೊಡದಿದ್ದರೆ ಮುನಿಸು. ಲೇತ್‌ನ ಹೆಸರು ಜನರಿಗೆ ಮರೆತುಹೋಗಿ ವಾಚಿನ ಹೆಸರು ಉಳಿಯಿತು. 1978ರಲ್ಲಿ ತುಮಕೂರಿಗೂ ಗಡಿಯಾರ ಕಾರ್ಖಾನೆ ಬಂತು.

ಮತ್ತೆ ಅದೇ 1961ರಲ್ಲಿ ಸಂಸತ್ತು ಅಪ್ರೆಂಟಿಸ್ ಕಾಯ್ದೆ ಪಾಸು ಮಾಡಿತು. ಕಾರ್ಖಾನೆಗಳು ಇಂತಿಷ್ಟು ಜನಕ್ಕೆ ಕೆಲಸ ಕಲಿಸಲೇಬೇಕು ಅಂತ ಕಾನೂನು ಹೇಳಿತು. ಬೆಂಗಳೂರಿನಲ್ಲಿ 1960ರ ದಶಕದಲ್ಲಿ ಕೇಂದ್ರೀಯ ಯಂತ್ರೋಪಕರಣ ಸಂಸ್ಥೆ ಬಂತು. ಆಮೇಲೆ 1972ರಲ್ಲಿ ಡೆನ್ಮಾರ್ಕ್ ನೆರವಿನಿಂದ ಸರ್ಕಾರಿ ಟೂಲ್‌ರೂಮ್ ಮತ್ತು ತರಬೇತಿ ಕೇಂದ್ರ, ಈಗಿನ ಜಿಟಿಟಿಸಿ. ಯಂತ್ರಕ್ಕೆ ದುಡ್ಡು, ಕೈಗೆ ತರಬೇತಿ, ಎರಡನ್ನೂ ಒಂದೇ ವಾಕ್ಯದಲ್ಲಿ ಹೇಳುತ್ತಿದ್ದ ಕಾಲ ಅದು.

ಹಾಗಾದರೆ ಕೆಟ್ಟಿದ್ದು ಎಲ್ಲಿ?

ಒಂದೇ ಕಾರಣ ಹೇಳಿದರೆ ಸುಳ್ಳು ಹೇಳಿದ ಹಾಗೆ. ದೆಹಲಿಯಲ್ಲಿ ಫೈಲು ನಿಧಾನ. ರಾಜಕೀಯಕ್ಕಾಗಿ ಕೈಹಾಕಿದ ಬೇಡದ ಕೆಲಸಗಳು. ಸ್ಪರ್ಧೆಯೇ ಇಲ್ಲದ ಕಾಲದಲ್ಲಿ ಬೆಳೆದ ಸೋಮಾರಿತನ. ಅದೂ ಇತ್ತು, ಅಲ್ಲಗಳೆಯಲ್ಲ. ಆದರೆ ಎರಡು ತಿರುವು ನೋಡಿ.

ಮೊದಲನೆಯದು ಕ್ವಾರ್ಟ್ಜ್. ಕೀ ಕೊಡುವ ವಾಚು ದಿನಕ್ಕೆ ಕೆಲವು ಸೆಕೆಂಡು ಹಿಂದೆ ಮುಂದೆ ಹೋಗೋದು ಮಾಮೂಲು. ಕ್ವಾರ್ಟ್ಜ್ ಹರಳು ಸೆಕೆಂಡಿಗೆ 32,768 ಸಲ ಕಂಪಿಸುತ್ತೆ, ಅಷ್ಟು ವ್ಯತ್ಯಾಸ ಆಗೋಕೆ ಅದಕ್ಕೆ ತಿಂಗಳು ಬೇಕು. ಎಚ್‌ಎಂಟಿಗೆ ಇದು ಗೊತ್ತಿರಲಿಲ್ಲ ಅಂತಲ್ಲ, 1980ರ ದಶಕದ ಆರಂಭದಲ್ಲೇ ಕ್ವಾರ್ಟ್ಜ್ ವಾಚು ಮಾಡಿತ್ತು. ಆದರೆ ಮನಸ್ಸೂ ಬಂಡವಾಳವೂ ಹಳೇ ವಾಚಿನ ಮೇಲೇ ಉಳಿಯಿತು. 1984ರಲ್ಲಿ ಟಾಟಾ ಮತ್ತು ತಮಿಳುನಾಡು ಸರ್ಕಾರದ ಸಂಸ್ಥೆ ಸೇರಿ ಟೈಟನ್ ಕಟ್ಟಿದರು, ಬೆಂಗಳೂರಿನ ಬಾಗಿಲಲ್ಲೇ, ಹೊಸೂರಿನಲ್ಲಿ. ಅವರು ಮಾಡಿದ್ದು ಎರಡು ಕೆಲಸ. ಒಂದು, ಹೊಸ ತಂತ್ರಜ್ಞಾನದ ಯಂತ್ರಕ್ಕೆ ದುಡ್ಡು ಹಾಕಿದರು. ಎರಡು, ಶಾಲೆ ಮುಗಿಸಿದ್ದ ಸಣ್ಣ ಊರಿನ ಹುಡುಗ ಹುಡುಗಿಯರನ್ನು ಕರೆತಂದು ಮೊದಲಿನಿಂದ ಕೆಲಸ ಕಲಿಸಿದರು. ಎಚ್‌ಎಂಟಿಯಲ್ಲಿ ಪಳಗಿದ ಅನುಭವಿಗಳನ್ನೂ ಸೇರಿಸಿಕೊಂಡರು. ಅಂದರೆ ಎಚ್‌ಎಂಟಿಯ ಹಳೇ ಪಾಠವನ್ನೇ ಎಚ್‌ಎಂಟಿಯ ಎದುರು ಓದಿದರು.

ಎರಡನೆಯದು ಸಿಎನ್‌ಸಿ. ಲೇತ್‌ನ ಹಿಡಿಕೆ ತಿರುಗಿಸುವ ಕೈಯ ಜಾಗಕ್ಕೆ ಕಂಪ್ಯೂಟರ್ ಬಂತು. 1991ರ ನಂತರ ಆಮದು ಸುಂಕ ಇಳಿಯಿತು. ಜಪಾನ್, ತೈವಾನ್, ಕೊರಿಯಾದ ಯಂತ್ರಗಳು ಬಂದವು. ಆ ಹೊತ್ತಿನಲ್ಲಿ ಎಚ್‌ಎಂಟಿಗೆ ಹೊಸ ಯಂತ್ರಕ್ಕೂ ಹೊಸ ಕೈಗೂ ದೊಡ್ಡ ಹೂಡಿಕೆ ಬೇಕಿತ್ತು. ಬಂದದ್ದು ಸ್ವಯಂ ನಿವೃತ್ತಿ ಯೋಜನೆ. ಹೊಸ ನೇಮಕ ಹೆಚ್ಚುಕಡಿಮೆ ನಿಂತಿತು. 2000ದಲ್ಲಿ ಕಂಪನಿಯನ್ನು ತುಂಡು ಮಾಡಿ ಬೇರೆ ಬೇರೆ ಅಂಗಸಂಸ್ಥೆ ಮಾಡಿದರು. 2016ರಲ್ಲಿ ಕೇಂದ್ರ ಸಂಪುಟ ಗಡಿಯಾರ ವಿಭಾಗಕ್ಕೂ, ಆಮೇಲೆ ಪಿಂಜೋರಿನ ಟ್ರ್ಯಾಕ್ಟರ್ ವಿಭಾಗಕ್ಕೂ ಬೀಗ ಹಾಕುವ ತೀರ್ಮಾನ ತಗೊಂಡಿತು. ತುಮಕೂರಿನ ಜಾಗ ಇಸ್ರೋಗೆ ಹೋಯಿತು. ಯಂತ್ರೋಪಕರಣ ವಿಭಾಗ ಇವತ್ತೂ ಉಸಿರು ಹಿಡಿದುಕೊಂಡಿದೆ.

ನೇಮಕ ನಿಂತರೆ ಏನಾಗುತ್ತೆ ಗೊತ್ತಾ? ಮೊದಲ ವರ್ಷ ಏನೂ ಆಗಲ್ಲ. ಐದನೇ ವರ್ಷವೂ ಏನೂ ಕಾಣಲ್ಲ. ಉಳಿತಾಯವೇ ಕಾಣುತ್ತೆ. ಇಪ್ಪತ್ತನೇ ವರ್ಷ ನೋಡಿದರೆ, ಕೆಲಸ ಬಲ್ಲವರೆಲ್ಲ ನಿವೃತ್ತಿಯ ಅಂಚಿನಲ್ಲಿ, ಅವರ ಪಕ್ಕದಲ್ಲಿ ನಿಂತು ನೋಡಿದ ಹುಡುಗ ಯಾರೂ ಇಲ್ಲ. ಯಂತ್ರ ಹಳೆಯದಾದರೆ ಸಾಲ ಮಾಡಿ ಹೊಸದು ತರಬಹುದು. ಈ ಕೊಂಡಿ ಕಳಚಿದರೆ ಯಾವ ಬ್ಯಾಂಕು ಸಾಲ ಕೊಡುತ್ತೆ? ನಮ್ಮ ಹಳ್ಳಿ ಕಡೆ ಇದಕ್ಕೊಂದು ಮಾತಿದೆ, ಬಿತ್ತನೆ ಬೀಜ ಕುಟ್ಟಿ ತಿಂದ ಹಾಗೆ ಅಂತ. ಆ ವರ್ಷ ಹೊಟ್ಟೆ ತುಂಬುತ್ತೆ. ಮುಂದಿನ ವರ್ಷ ಹೊಲ ಇರುತ್ತೆ, ಬಿತ್ತೋಕೆ ಏನೂ ಇರಲ್ಲ. ನಾವು ಸ್ಟುಡಿಯೋದಲ್ಲಿ ಕೂತು ಜಗಳ ಆಡಿದ್ದು ಆ ಖಾಲಿ ಹೊಲದ ಬಗ್ಗೆ.

ಲೆಕ್ಕಪತ್ರದ ಭಾಷೆಯೇ ಹೀಗಿದೆ ನೋಡಿ. ಯಂತ್ರ ತಂದರೆ ಅದು ಆಸ್ತಿ. ಬ್ಯಾಲೆನ್ಸ್ ಶೀಟಿನಲ್ಲಿ ಜಾಗ ಸಿಗುತ್ತೆ, ವರ್ಷವರ್ಷ ಸವಕಳಿ ಬರೀತಾರೆ. ಹುಡುಗನಿಗೆ ಮೂರು ವರ್ಷ ಕಲಿಸಿದರೆ ಅದು ಖರ್ಚು. ಸವೆಯುವ ವಸ್ತು ಆಸ್ತಿ, ವರ್ಷ ಕಳೆದ ಹಾಗೆ ಬೆಲೆ ಏರುವ ಕೈ ಖರ್ಚು! ಕಷ್ಟ ಬಂದಾಗ ಖರ್ಚು ಕಡಿಮೆ ಮಾಡಿ ಅಂತಾರೆ. ಮೊದಲು ಕತ್ತರಿ ಬೀಳೋದು ಎಲ್ಲಿಗೆ ಅಂತ ಬೇರೆ ಹೇಳಬೇಕಾ?

ಈಗ ಮಾಡ್‌ಸ್ಲೇ ಬಗ್ಗೆ ನೆನಪಿಟ್ಟುಕೊಳ್ಳಿ ಅಂದಿದ್ದೆನಲ್ಲ, ಅಲ್ಲಿಗೆ ಬರ್ತೀನಿ. ಎಚ್‌ಎಂಟಿ ಕುಸಿಯಿತು, ಅಲ್ಲಿ ಹದವಾದ ಕೈಗಳು ಕುಸಿಯಲಿಲ್ಲ. ಜಾಲಹಳ್ಳಿ ಪಕ್ಕದಲ್ಲೇ ಪೀಣ್ಯ. 1970ರ ದಶಕದಿಂದ ಬೆಳೆದ ಆ ಕೈಗಾರಿಕಾ ಪ್ರದೇಶದ ಸಣ್ಣ ಸಣ್ಣ ಶೆಡ್‌ಗಳಲ್ಲಿ ಒಂದು ಸುತ್ತು ಹಾಕಿ. ಎಚ್‌ಎಂಟಿ, ಬಿಇಎಲ್, ಎಚ್‌ಎಎಲ್‌ನಲ್ಲಿ ಕಲಿತವರು, ಅವರ ಕೈಕೆಳಗೆ ಕಲಿತವರು, ಅವರ ಮಕ್ಕಳು ನಡೆಸುವ ವರ್ಕ್‌ಶಾಪುಗಳು ಸಿಗುತ್ತವೆ. ಭಾರತದ ಯಂತ್ರೋಪಕರಣ ಉದ್ಯಮಕ್ಕೆ ಬೆಂಗಳೂರು ಇವತ್ತಿಗೂ ದೊಡ್ಡ ಕೇಂದ್ರ. ತುಮಕೂರು ರಸ್ತೆಯಲ್ಲಿ ಇಮ್‌ಟೆಕ್ಸ್ ಪ್ರದರ್ಶನ ನಡೆದರೆ ಹೊರದೇಶದವರು ಸಾಲುಗಟ್ಟಿ ಬರ್ತಾರೆ. ಅಲ್ಲಿ ಬೆಂಗಳೂರಿನ ಕಂಪನಿಗಳ ಸಿಎನ್‌ಸಿ ಯಂತ್ರಗಳು ಎದೆಯೆತ್ತಿ ನಿಂತಿರುತ್ತವೆ. ಸರ್ಕಾರ ‘ನಷ್ಟ’ ಅಂತ ಬರೆದ ಖಾತೆಯ ಇನ್ನೊಂದು ಪುಟ ಇದು. ಆ ಪುಟವನ್ನು ಯಾವ ಆಡಿಟರೂ ತಿರುವಲಿಲ್ಲ.

ಆದರೆ ಈ ಬೀಜ ಎಷ್ಟು ದಿನ ಬರುತ್ತೆ? ನನ್ನ ಆತಂಕ ಇರೋದು ಇಲ್ಲೇ.

ಕಾನೂನು ಈಗಲೂ ಇದೆ. 2014ರಲ್ಲಿ ಕಾಯ್ದೆ ತಿದ್ದಿದರು, 2016ರಲ್ಲಿ ರಾಷ್ಟ್ರೀಯ ಅಪ್ರೆಂಟಿಸ್ ಉತ್ತೇಜನ ಯೋಜನೆ ತಂದರು. 2019ರ ನಿಯಮದ ಪ್ರಕಾರ 30 ಅಥವಾ ಹೆಚ್ಚು ಜನ ಇರುವ ಸಂಸ್ಥೆ ತನ್ನ ಸಿಬ್ಬಂದಿಯ ಶೇಕಡಾ 2.5ರಿಂದ 15ರವರೆಗೆ ಅಪ್ರೆಂಟಿಸ್‌ಗಳನ್ನು ತಗೊಳ್ಳಬೇಕು. ಅದೇ ನಿಯಮದಲ್ಲಿ ಕನಿಷ್ಠ ಸ್ಟೈಪೆಂಡು ಓದಿಗೆ ತಕ್ಕ ಹಾಗೆ ತಿಂಗಳಿಗೆ 5,000ದಿಂದ 9,000 ರೂಪಾಯಿ ಅಂತ ಇಟ್ಟರು. ಒಳ್ಳೆಯದೇ. ಆದರೆ ಕಾಯ್ದೆಯಲ್ಲಿ ಇನ್ನೊಂದು ಮಾತಿದೆ: ಅಪ್ರೆಂಟಿಸ್ ಅಂದರೆ ಕಲಿಯುವವನು, ಕಾರ್ಮಿಕನಲ್ಲ. ಕಾರ್ಮಿಕ ಕಾನೂನು ಅವನಿಗೆ ಅನ್ವಯ ಆಗಲ್ಲ. ಕಲಿಸುವ ಜಾಗದಲ್ಲಿ ಈ ಮಾತು ಸರಿ. ಕಲಿಸದ ಜಾಗದಲ್ಲಿ? ಹುಡುಗನನ್ನು ಸಿಎನ್‌ಸಿ ಮುಂದೆ ನಿಲ್ಲಿಸಿ, ತುಂಡು ಇಡು, ಬಾಗಿಲು ಹಾಕು, ಹಸಿರು ಬಟನ್ ಒತ್ತು ಅಂತ ಎರಡು ದಿನ ತೋರಿಸಿ, ಒಂದು ವರ್ಷ ಅದನ್ನೇ ಮಾಡಿಸಿದರೆ ಅದು ತರಬೇತಿಯೂ ಅಲ್ಲ, ಉದ್ಯೋಗವೂ ಅಲ್ಲ. ಕಡಿಮೆ ಕೂಲಿಯ ಆಳು, ಅಷ್ಟೇ. ಒಂದು ವರ್ಷದ ಮೇಲೆ ಸರ್ಟಿಫಿಕೇಟು ಕೈಗಿತ್ತು ಕಳಿಸಿ, ಇನ್ನೊಬ್ಬನನ್ನು ಅದೇ ಬಟನ್ ಮುಂದೆ ನಿಲ್ಲಿಸಬಹುದು. ಬೇರೆ ಎಲ್ಲವೂ ಸಮನಾಗಿದ್ದರೆ ನೇಮಕದಲ್ಲಿ ತರಬೇತಿ ಮುಗಿಸಿದ ಅಪ್ರೆಂಟಿಸ್‌ಗೆ ಆದ್ಯತೆ ಕೊಡಿ ಅಂತ ಸುಪ್ರೀಂ ಕೋರ್ಟು 1995ರಲ್ಲೇ ಹೇಳಿದೆ. ನೇಮಕವೇ ಇಲ್ಲದ ಕಡೆ ಆದ್ಯತೆ ತಗೊಂಡು ಏನು ಮಾಡೋದು?

ಸಿಎನ್‌ಸಿ ಬಂದಮೇಲೆ ಅರ ಹಾಕೋದು ಯಾಕ್ರೀ ಬೇಕು ಅಂತ ನೀವು ಕೇಳಬಹುದು. ನ್ಯಾಯವಾದ ಪ್ರಶ್ನೆ. ಯಂತ್ರ ಸರಿಯಿರುವವರೆಗೆ ಬೇಡ. ಟೂಲ್ ಸವೆದು ಸದ್ದು ಬದಲಾದಾಗ, ಬೆಳಗ್ಗೆ ತಣ್ಣಗಿದ್ದ ಯಂತ್ರ ಮಧ್ಯಾಹ್ನ ಬಿಸಿಯೇರಿ ಅಳತೆ 0.02 ಮಿಲಿಮೀಟರ್ ಸರಿದಾಗ, ಹಸಿರು ಬಟನ್ ಏನೂ ಹೇಳಲ್ಲ. ಲೋಹ ಹೇಗೆ ವರ್ತಿಸುತ್ತೆ ಅಂತ ಅಂಗೈಯಲ್ಲಿ ತಿಳಿದವನಿಗೆ ಮಾತ್ರ ಅದು ಗೊತ್ತಾಗುತ್ತೆ. ಜರ್ಮನಿಯಲ್ಲಿ ರಾಬರ್ಟ್ ಬಾಷ್ 1913ರಲ್ಲೇ ತನ್ನ ಕಾರ್ಖಾನೆಯೊಳಗೆ ಅಪ್ರೆಂಟಿಸ್‌ಗಳಿಗೆ ಬೇರೆ ವರ್ಕ್‌ಶಾಪ್ ಕಟ್ಟಿದ. ಅತಿ ಆಧುನಿಕ ಯಂತ್ರ ಮಾಡುವ ಆ ದೇಶದಲ್ಲಿ ಲೋಹದ ಕೆಲಸ ಕಲಿಯುವ ಹುಡುಗರ ಕೈಗೆ ಇವತ್ತೂ ಮೊದಲು ಅರ ಕೊಡ್ತಾರೆ.

ನಾಳೆ ಯಾರಾದರೂ ಸಚಿವರು ಎಚ್‌ಎಂಟಿಗೆ ಇಷ್ಟು ಕೋಟಿ ಅಂತ ಘೋಷಿಸಬಹುದು. ಇಷ್ಟು ಲಕ್ಷ ಯುವಕರಿಗೆ ತರಬೇತಿ ಅಂತಲೂ ಹೇಳಬಹುದು. ಆಗ ನಾವು ಮೈಕು ಹಿಡಿದು ಕೇಳಬೇಕಾದ ಪ್ರಶ್ನೆ ಎರಡೇ. ಆ ದುಡ್ಡಿನಲ್ಲಿ ಬರುವ ಯಂತ್ರದ ಮುಂದೆ ನಿಂತು ಕಲಿಸುವವರು ಯಾರು? ಕಲಿತ ಹುಡುಗನಿಗೆ ಮೂರನೇ ವರ್ಷದ ಮೇಲೆ ಅಲ್ಲಿ ಜಾಗ ಇದೆಯಾ? ಉತ್ತರ ಬರದಿದ್ದರೆ ಘೋಷಣೆ ಎಷ್ಟು ದೊಡ್ಡದಾದರೂ ಅದು ಎಕರೆಯ ಲೆಕ್ಕವೇ.

ಆ ಫಿಟ್ಟಿಂಗ್ ತುಂಡು ನನ್ನ ಹತ್ತಿರ ಇನ್ನೂ ಇದೆ. ಸ್ಟುಡಿಯೋದ ಡ್ರಾಯರ್‌ನಲ್ಲಿ ಪೇಪರ್ ವೇಯ್ಟ್ ಆಗಿದೆ. ನಾಲ್ಕೂ ಮೂಲೆ ಇವತ್ತಿಗೂ 90 ಡಿಗ್ರಿ. ನನಗಾಗಿ ಅದನ್ನು ಉಜ್ಜಿಕೊಟ್ಟವನ ಮುಖ ನೆನಪಿಲ್ಲ. ನನ್ನ ವಯಸ್ಸಿನವನೇ ಇದ್ದ, ಅರ್ಧ ಗಂಟೆಯಲ್ಲಿ ಮುಗಿಸಿದ. ಅವನ ಹೆಸರೇನು, ಎಲ್ಲಿ ಕಲಿತೆ ಅಂತ ನಾನು ಅವತ್ತೂ ಕೇಳಲಿಲ್ಲ.